ಹಳ್ಳಿಯ ಲೆಕ್ಕಿಗ ಜೆ.ಸಿ. ಕುಮಾರಪ್ಪ



ಜಮಾ, ಖರ್ಚು, ಬಾಕಿ, ಅಸಲು – ಈ ನಾಲ್ಕು ಪದಗಳು ನಿಮಗೆಲ್ಲ ಚಿರಪರಿಚಿತ. ಇವು ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಅಂಗಡಿಯ ಲೆಕ್ಕದ ಪುಸ್ತಕದಿಂದ ಹಿಡಿದು ಅಡುಗೆ ಮನೆಯ ಮಾತಿನವರೆಗೆ ಬೆರೆತುಹೋಗಿವೆ. ಖರ್ಚು ಜಮೆಯನ್ನು ಮೀರಬಾರದು, ಅಸಲಿಗೆ ಕೈ ಹಾಕಬಾರದು ಎಂಬುದು ಮನೆ ನಡೆಸುವ ಪ್ರತಿಯೊಬ್ಬ ತಾಯಿಗೂ ಗೊತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಒಂದು ಇಡೀ ದೇಶ, ಒಂದು ಇಡೀ ಲೋಕ ತನ್ನ ಅಸಲನ್ನೇ ತಿನ್ನುತ್ತಾ ಅದನ್ನು ಲಾಭವೆಂದು ಬರೆದುಕೊಂಡರೆ, ಆ ಲೆಕ್ಕವನ್ನು ತಪಾಸಣೆ ಮಾಡುವವರು ಯಾರು?

ಇಂಥ ತಪಾಸಣೆಯನ್ನೇ ತಮ್ಮ ಜೀವಮಾನದ ಕೆಲಸವಾಗಿ ಮಾಡಿಕೊಂಡ ಒಬ್ಬ ಲೆಕ್ಕಪರಿಶೋಧಕರಿದ್ದರು. ಅವರೇ ಜೆ.ಸಿ. ಕುಮಾರಪ್ಪ. ಗಾಂಧೀಜಿಯವರ ಸಂಗಡಿಗರೆಂದ ಕೂಡಲೇ ನಮಗೆ ನೆಹರೂ, ಪಟೇಲ್, ಮೌಲಾನಾ ಆಜಾದ್, ರಾಜೇಂದ್ರ ಪ್ರಸಾದ್ ಮುಂತಾದವರು ನೆನಪಾಗುತ್ತಾರೆ. ಗಾಂಧೀಜಿಯವರ ಆರ್ಥಿಕ ವಿಚಾರಗಳನ್ನು ಶಾಸ್ತ್ರಬದ್ಧವಾಗಿ ರೂಪಿಸಿದ ಕುಮಾರಪ್ಪನವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸುಸ್ಥಿರ ಅಭಿವೃದ್ಧಿ ಎಂಬ ಮಾತು ಇಂದು ಪಠ್ಯಪುಸ್ತಕಗಳಲ್ಲೂ ಸರ್ಕಾರದ ಯೋಜನೆಗಳಲ್ಲೂ ಕೇಳಿಬರುತ್ತದೆ. ಅದು ಲೋಕದ ಬಾಯಿಗೆ ಬಂದದ್ದು 1987ರ ವಿಶ್ವಸಂಸ್ಥೆಯ ಆಯೋಗದ ವರದಿಯ ನಂತರ. ಅದಕ್ಕೂ ನಾಲ್ಕು ದಶಕ ಮೊದಲೇ ಕುಮಾರಪ್ಪನವರು ಸೆರೆಮನೆಯಲ್ಲಿ ಕುಳಿತು ಆ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದರು. ಬನ್ನಿ, ಅವರ ಜೀವನವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕುಮಾರಪ್ಪನವರು 1892ರ ಜನವರಿ 4ರಂದು ತಮಿಳುನಾಡಿನ ತಂಜಾವೂರಿನಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ಜೋಸೆಫ್ ಚೆಲ್ಲದುರೈ ಕಾರ್ನೀಲಿಯಸ್ ಎಂಬುದು ಅವರ ಮೊದಲ ಹೆಸರು. ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ತಾಯಿ ಎಸ್ತರ್ ದಯಾಳು ಹೆಣ್ಣುಮಗಳು. ಮನೆಯಲ್ಲಿ ಶಿಸ್ತು ಮತ್ತು ದೈವಭಕ್ತಿ ಎರಡೂ ಇದ್ದವು. ತಂದೆಯಿಂದ ಸಮಯ ಪಾಲನೆಯನ್ನೂ, ತಾಯಿಯಿಂದ ಬಡವರ ಮೇಲಿನ ಕನಿಕರವನ್ನೂ ಕಲಿತ ಬಾಲಕ ಮದರಾಸಿನಲ್ಲಿ ಓದಿ, ಇಪ್ಪತ್ತರ ಹರೆಯದಲ್ಲಿ ಲಂಡನ್ನಿಗೆ ಹೋಗಿ ಲೆಕ್ಕಶಾಸ್ತ್ರದಲ್ಲಿ ಪರಿಣತಿ ಪಡೆದರು. ಕೆಲವು ಕಾಲ ಅಲ್ಲಿಯೇ ಉದ್ಯೋಗ ಮಾಡಿದ ಮೇಲೆ ತಾಯಿಯ ಇಚ್ಛೆಯಂತೆ 1919ರಲ್ಲಿ ಸ್ವದೇಶಕ್ಕೆ ಮರಳಿದರು. ಮುಂಬಯಿಯಲ್ಲಿ ತಮ್ಮದೇ ಲೆಕ್ಕಪರಿಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಉಡುಗೆ, ಊಟ, ಮಾತು ಎಲ್ಲವೂ ಆಂಗ್ಲರ ರೀತಿಯಲ್ಲಿಯೇ ಇದ್ದವು. ಕೈತುಂಬ ಸಂಪಾದನೆಯಿತ್ತು. ಸ್ವಾತಂತ್ರ್ಯ ಚಳವಳಿಯ ಕಡೆಗೆ ಅವರ ಮನಸ್ಸು ಆಗಿನ್ನೂ ತಿರುಗಿರಲಿಲ್ಲ.

1927ರಲ್ಲಿ ಅವರು ಅಮೆರಿಕಕ್ಕೆ ಹೋದರು. ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಆಡಳಿತದ ಪದವಿ ಪಡೆದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಹಣಕಾಸಿನ ಅಧ್ಯಯನಕ್ಕೆ ಸೇರಿದರು. ಅಲ್ಲಿಯೇ ಅವರ ಬಾಳಿನ ದಿಕ್ಕು ಬದಲಾಯಿತು.

ಒಂದು ಭಾಷಣ, ಒಂದು ಪ್ರಶ್ನೆ

ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಕುಮಾರಪ್ಪನವರು ಭಾರತದ ಬಡತನದ ಬಗ್ಗೆ ಭಾಷಣ ಮಾಡಿದರು. ಅದರ ವರದಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಪ್ರಾಧ್ಯಾಪಕರಾಗಿದ್ದ ಖ್ಯಾತ ಅರ್ಥಶಾಸ್ತ್ರಜ್ಞ ಎಡ್ವಿನ್ ಸೆಲಿಗ್ಮನ್ ಅದನ್ನು ಓದಿ, ಭಾರತ ಏಕೆ ಬಡವಾಗಿದೆ ಎಂಬುದನ್ನೇ ಸರ್ಕಾರದ ಹಣಕಾಸಿನ ಮೂಲಕ ಪರಿಶೀಲಿಸಿ ಪ್ರಬಂಧ ಬರೆಯುವಂತೆ ಸಲಹೆ ನೀಡಿದರು.

ಲೆಕ್ಕದ ಪುಸ್ತಕ ಓದುವುದರಲ್ಲಿ ನುರಿತಿದ್ದ ಕುಮಾರಪ್ಪನವರು ಬ್ರಿಟಿಷ್ ಸರ್ಕಾರದ ಜಮಾಖರ್ಚನ್ನು ಕೈಗೆತ್ತಿಕೊಂಡರು. ತೆರಿಗೆ ಯಾರಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದೇ ಬಾಬ್ತನ್ನು ಬಿಡಿಸಿ ನೋಡಿದರು. ಹಣ ರೈತನ ಹೊಲದಿಂದ ಕಂದಾಯವಾಗಿ ಹೊರಡುತ್ತಿತ್ತು. ಸೈನ್ಯಕ್ಕೆ, ಅಧಿಕಾರಿಗಳ ಸಂಬಳ ಮತ್ತು ಪಿಂಚಣಿಗೆ, ಸಾಲದ ಬಡ್ಡಿಗೆ ಹೋಗುತ್ತಿತ್ತು. ರೈತನ ಶಾಲೆಗೆ, ಆಸ್ಪತ್ರೆಗೆ, ನೀರಾವರಿಗೆ ಹಿಂದಿರುಗಿ ಬರುತ್ತಿದ್ದದ್ದು ಅತ್ಯಲ್ಪ. ಓದುಗರೇ, ಗಮನಿಸಿ: ಬಡತನವು ಹಣೆಬರಹವಲ್ಲ, ಅದು ಯಾರೋ ಬರೆದ ಲೆಕ್ಕದ ಫಲ ಎಂಬ ಅರಿವು ಅವರಿಗೆ ಬಂದದ್ದು ಹೀಗೆ. ಮನುಷ್ಯರು ಬರೆದ ಲೆಕ್ಕವನ್ನು ಮನುಷ್ಯರೇ ತಿದ್ದಲೂಬಹುದು.

ಸಾಬರಮತಿಯ ಭೇಟಿ

1929ರಲ್ಲಿ ಭಾರತಕ್ಕೆ ಹಿಂದಿರುಗಿದ ಅವರು ತಮ್ಮ ಮನೆತನದ ಹಳೆಯ ಹೆಸರಾದ ಕುಮಾರಪ್ಪ ಎಂಬುದನ್ನು ಮತ್ತೆ ಧರಿಸಿದರು. ಪ್ರಬಂಧವನ್ನು ಪ್ರಕಟಿಸುವ ಉದ್ದೇಶದಿಂದ ಮೇ 9ರಂದು ಸಾಬರಮತಿ ಆಶ್ರಮಕ್ಕೆ ಹೋದರು. ರೇಷ್ಮೆಯ ಸೂಟು ಧರಿಸಿ, ಊರುಗೋಲು ಹಿಡಿದು ಹೊರಟಿದ್ದ ಅವರಿಗೆ ದಾರಿಯಲ್ಲಿ ಒಂದು ಮರದ ಕೆಳಗೆ, ಸಗಣಿ ಸಾರಿಸಿದ ನೆಲದ ಮೇಲೆ ಕುಳಿತು ನೂಲುತ್ತಿದ್ದ ವೃದ್ಧರೊಬ್ಬರು ಕಂಡರು. ಭೇಟಿಯ ಹೊತ್ತು ಇನ್ನೂ ಆಗಿರಲಿಲ್ಲವಾದ್ದರಿಂದ ಸುಮ್ಮನೆ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಆ ವೃದ್ಧರೇ, ತಾವು ಕುಮಾರಪ್ಪನವರೋ ಎಂದು ವಿಚಾರಿಸಿದಾಗ, ತಾನು ನೋಡಲು ಬಂದ ಗಾಂಧೀಜಿ ಇವರೇ ಎಂದು ತಿಳಿಯಿತು. ಸೂಟಿನ ಇಸ್ತ್ರಿಯನ್ನು ಲೆಕ್ಕಿಸದೆ ಅವರೂ ನೆಲದ ಮೇಲೆಯೇ ಕುಳಿತರು.

ಗಾಂಧೀಜಿಯವರು ಪ್ರಬಂಧವನ್ನು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಲು ಒಪ್ಪಿದರು. ಅದರ ಜೊತೆಗೇ ಒಂದು ಕೆಲಸವನ್ನೂ ವಹಿಸಿದರು. ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳ ಆರ್ಥಿಕ ಸ್ಥಿತಿಯ ಸಮೀಕ್ಷೆಯೇ ಆ ಕೆಲಸ. ಕುಮಾರಪ್ಪನವರಿಗೆ ಗುಜರಾತಿ ಭಾಷೆ ಬರುತ್ತಿರಲಿಲ್ಲ. ಆದರೂ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 54 ಹಳ್ಳಿಗಳಲ್ಲಿ ಮನೆಮನೆಗೆ ಹೋದರು. ಎಷ್ಟು ಭೂಮಿ, ಎಷ್ಟು ದನ, ಎಷ್ಟು ಬೆಳೆ, ಎಷ್ಟು ಸಾಲ ಎಂದು ಬರೆದುಕೊಂಡರು. ಕಂದಾಯದ ಹೊರೆ ರೈತನ ಶಕ್ತಿಯನ್ನು ಮೀರಿದ್ದು ಎಂಬುದು ಅಂಕಿ ಅಂಶಗಳ ಸಮೇತ ಸ್ಪಷ್ಟವಾಯಿತು. ದೇಶದ ಲೆಕ್ಕವನ್ನು ಪುಸ್ತಕದಲ್ಲಿ ಓದಿದ್ದವರು ಈಗ ಅದನ್ನು ಗುಡಿಸಲಿನಲ್ಲಿ ಓದಿದರು. ಅವರು ಮತ್ತೆ ತಮ್ಮ ಮುಂಬಯಿಯ ವೃತ್ತಿಗೆ ಮರಳಲಿಲ್ಲ. ಸೂಟು ಹೋಗಿ ಖಾದಿ ಬಂತು. ಜೀವನದುದ್ದಕ್ಕೂ ಅವಿವಾಹಿತರಾಗಿಯೇ ಉಳಿದರು.

ನಿಷ್ಠುರ ಲೆಕ್ಕಿಗ

ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಗಾಂಧೀಜಿ ಬಂಧಿತರಾದಾಗ ಯಂಗ್ ಇಂಡಿಯಾದ ಹೊಣೆ ಕುಮಾರಪ್ಪನವರ ಮೇಲೆ ಬಿತ್ತು. ಬರವಣಿಗೆಗಾಗಿ ಸೆರೆಮನೆಗೂ ಹೋದರು. 1931ರಲ್ಲಿ ಕಾಂಗ್ರೆಸ್ಸು ಭಾರತ ಮತ್ತು ಬ್ರಿಟನ್ನಿನ ನಡುವಿನ ಸಾಲದ ಲೆಕ್ಕವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಕುಮಾರಪ್ಪನವರು ಅದರ ಸಂಚಾಲಕರಾಗಿದ್ದರು. ಭಾರತದ ಗಡಿಯಾಚೆ ಸಾಮ್ರಾಜ್ಯಕ್ಕಾಗಿ ನಡೆದ ಯುದ್ಧಗಳ ವೆಚ್ಚ, 1857ರ ದಂಗೆಯನ್ನು ಅಡಗಿಸಿದ ವೆಚ್ಚ ಇವೆಲ್ಲವನ್ನೂ ಭಾರತೀಯರ ತಲೆಯ ಮೇಲೆ ಸಾಲವೆಂದು ಬರೆಯಲಾಗಿತ್ತು. ಹೊಡೆದವನು ಹೊಡೆತ ತಿಂದವನಿಂದಲೇ ದೊಣ್ಣೆಯ ಬೆಲೆ ವಸೂಲಿ ಮಾಡಿದಂತೆ ಇದು. ಸಮಿತಿಯು ಇಂಥ ಬಾಬ್ತುಗಳನ್ನು ಎತ್ತಿ ತೋರಿಸಿತು.

1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ರಾಜೇಂದ್ರ ಪ್ರಸಾದರ ನೇತೃತ್ವದ ಪರಿಹಾರ ಸಮಿತಿಯ ಹಣಕಾಸಿನ ಹೊಣೆಯನ್ನು ಕುಮಾರಪ್ಪನವರಿಗೆ ಒಪ್ಪಿಸಲಾಯಿತು. ಸ್ವಯಂಸೇವಕರ ದಿನದ ಊಟಕ್ಕೆ ಇಂತಿಷ್ಟೇ ಆಣೆ ಎಂದು ಅವರು ನಿಗದಿ ಮಾಡಿದರು. ಗಾಂಧೀಜಿಯವರು ತಮ್ಮ ಪರಿವಾರದೊಂದಿಗೆ ಅಲ್ಲಿಗೆ ಬಂದಾಗ, ಅವರ ಸಂಗಡಿಗರ ಊಟ ಮತ್ತು ವಾಹನದ ಖರ್ಚನ್ನು ಪರಿಹಾರ ನಿಧಿಯಿಂದ ಕೊಡಲಾಗದು ಎಂದು ಕುಮಾರಪ್ಪನವರು ಮಹದೇವ ದೇಸಾಯಿಯವರಿಗೆ ನೇರವಾಗಿ ತಿಳಿಸಿದರು. ಸಂತ್ರಸ್ತರಿಗೆಂದು ಜನ ಕೊಟ್ಟ ಹಣದ ಮೇಲೆ ಅತಿಥಿಗಳಿಗೆ ಹಕ್ಕಿಲ್ಲ, ಆ ಅತಿಥಿ ಮಹಾತ್ಮರೇ ಆಗಿದ್ದರೂ ಸರಿ, ಎಂಬುದು ಅವರ ನಿಲುವು. ಸಂಘ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮಂಥ ಪ್ರತಿಯೊಬ್ಬರೂ ಈ ಪ್ರಸಂಗವನ್ನು ಒಮ್ಮೆಯಾದರೂ ಮನನ ಮಾಡಬೇಕು.

ಮಗನ್‌ವಾಡಿಯ ಪ್ರಯೋಗಗಳು

1934ರ ಡಿಸೆಂಬರಿನಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾಯಿತು. ಕುಮಾರಪ್ಪನವರು ಅದರ ಕಾರ್ಯದರ್ಶಿಯಾದರು. ವಾರ್ಧಾದಲ್ಲಿ ಜಮ್ನಾಲಾಲ್ ಬಜಾಜರು ದಾನ ಮಾಡಿದ ಜಾಗವೇ ಮಗನ್‌ವಾಡಿ. ಅಲ್ಲಿ ಎಣ್ಣೆಯ ಗಾಣ, ಕೈಕಾಗದ, ಜೇನು ಸಾಕಣೆ, ಸಾಬೂನು, ಬೆಲ್ಲ, ಭತ್ತ ಕುಟ್ಟುವುದು, ಬೀಸುವುದು ಹೀಗೆ ಹತ್ತಾರು ಕಸುಬುಗಳ ಪ್ರಯೋಗಗಳು ನಡೆದವು. ದೂರದ ಊರುಗಳಿಂದ ಬಂದ ಯುವಕರು ತರಬೇತಿ ಪಡೆದು ಹೋದರು.

ಇದರಲ್ಲಿ ಏನು ಅರ್ಥಶಾಸ್ತ್ರವಿದೆ ಎಂದು ನೀವು ಕೇಳಬಹುದು. ಎಣ್ಣೆಯ ಗಾಣವನ್ನೇ ನೋಡಿ. ಹಳ್ಳಿಯ ಶೇಂಗಾ ಅಥವಾ ಎಳ್ಳನ್ನು ಹಳ್ಳಿಯ ಗಾಣದಲ್ಲಿಯೇ ಅರೆದರೆ ಎಣ್ಣೆ ಅಡುಗೆಗೆ ಸಿಗುತ್ತದೆ. ಹಿಂಡಿ ದನಕ್ಕೆ, ದನದ ಗೊಬ್ಬರ ಹೊಲಕ್ಕೆ, ಅರೆದ ಕೂಲಿ ಗಾಣಿಗನ ಮನೆಗೆ ಹೋಗುತ್ತದೆ. ಯಾವುದೂ ಊರು ಬಿಟ್ಟು ಹೋಗುವುದಿಲ್ಲ. ಅದೇ ಕಾಳು ಪಟ್ಟಣದ ಗಿರಣಿಗೆ ಹೋದರೆ ಎಣ್ಣೆಯನ್ನು ದುಡ್ಡು ಕೊಟ್ಟು ತರಬೇಕು, ಹಿಂಡಿಯನ್ನೂ ಕೊಳ್ಳಬೇಕು, ಹೊಲ ಬಡವಾಗುತ್ತದೆ, ಗಾಣಿಗ ಕೂಲಿ ಹುಡುಕಿಕೊಂಡು ಊರು ಬಿಡುತ್ತಾನೆ. ಗಿರಣಿಯ ಎಣ್ಣೆ ಅಗ್ಗವೆಂದು ಕಾಣುವುದು, ಈ ಎಲ್ಲ ನಷ್ಟಗಳನ್ನು ಅದರ ಬೆಲೆಯಲ್ಲಿ ಬರೆಯದೆ ಇರುವುದರಿಂದ. ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಯ ವಿಷಯವೂ ಹೀಗೆಯೇ. ಅದರ ತೌಡಿನೊಂದಿಗೆ ಬಿ ಜೀವಸತ್ವ ಹೊರಟುಹೋಗುತ್ತದೆ. ಅಕ್ಕಿ ಬೆಳ್ಳಗಾಗುತ್ತದೆ, ಉಣ್ಣುವವನು ನಿಶ್ಶಕ್ತನಾಗುತ್ತಾನೆ.

ಸೀಮೆಎಣ್ಣೆಯ ಬದಲು ಸಸ್ಯದ ಎಣ್ಣೆಯಿಂದ ಉರಿಯುವ ಮಗನ್ ದೀಪವನ್ನೂ ಅಲ್ಲಿ ರೂಪಿಸಲಾಯಿತು. ಈಚಲು, ತಾಳೆ ಮರಗಳಿಂದ ಬೆಲ್ಲ ತಯಾರಿಸುವುದಕ್ಕೆ ಅವರು ಬಹಳ ಒತ್ತು ಕೊಟ್ಟರು. ಈ ಮರಗಳು ಬೇಸಾಯಕ್ಕೆ ಬಾರದ ನೆಲದಲ್ಲೂ ಬೆಳೆಯುತ್ತವೆ. ಹಾಗಾದರೆ ಕಬ್ಬು ನುಂಗುವ ಫಲವತ್ತಾದ ಭೂಮಿಯೂ ನೀರೂ ಅನ್ನದ ಬೆಳೆಗೆ ಉಳಿಯುತ್ತವೆ ಎಂಬುದು ಅವರ ತರ್ಕ.

1938ರಲ್ಲಿ ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಸರ್ಕಾರದ ಕೋರಿಕೆಯ ಮೇರೆಗೆ 600ಕ್ಕೂ ಹೆಚ್ಚು ಹಳ್ಳಿಗಳ ಕೈಗಾರಿಕಾ ಸಮೀಕ್ಷೆಯನ್ನು ನಡೆಸಿದರು. ಅದೇ ಕಾಲದಲ್ಲಿ ನೆಹರೂ ಅಧ್ಯಕ್ಷತೆಯ ರಾಷ್ಟ್ರೀಯ ಯೋಜನಾ ಸಮಿತಿಗೂ ಸದಸ್ಯರಾದರು. ಆದರೆ ಅಲ್ಲಿ ದೊಡ್ಡ ಕೈಗಾರಿಕೆಗಳಿಗೇ ಆದ್ಯತೆ ಎಂದು ಕಂಡುಬಂದಾಗ ರಾಜೀನಾಮೆ ನೀಡಿ ಹೊರಬಂದರು.

ಶಾಶ್ವತದ ಅರ್ಥಶಾಸ್ತ್ರ

1942ರ ಚಲೇಜಾವ್ ಚಳವಳಿಯ ಕಾಲದಲ್ಲಿ ಕುಮಾರಪ್ಪನವರು ಮತ್ತೆ ಬಂಧಿತರಾದರು. ಜಬಲ್ಪುರದ ಸೆರೆಮನೆಯಲ್ಲಿ ಅವರ ಆರೋಗ್ಯ ಕೆಟ್ಟಿತು, ಆದರೆ ಲೇಖನಿ ನಿಲ್ಲಲಿಲ್ಲ. ಏಸುವಿನ ಬೋಧನೆಗಳ ಬಗ್ಗೆ ಒಂದು ಪುಸ್ತಕ, ಶಾಶ್ವತದ ಅರ್ಥಶಾಸ್ತ್ರದ ಬಗ್ಗೆ ಇನ್ನೊಂದು ಪುಸ್ತಕ ಅಲ್ಲಿಯೇ ಸಿದ್ಧವಾದವು. ಎರಡನೆಯದು 1945ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದ ಗಾಂಧೀಜಿಯವರು ಅವರನ್ನು ಗ್ರಾಮೋದ್ಯೋಗಗಳ ಡಾಕ್ಟರ್ ಎಂದು ಪ್ರೀತಿಯಿಂದ ಕರೆದರು.

ಈ ಪುಸ್ತಕದ ತಿರುಳನ್ನು ಮಕ್ಕಳಿಗೂ ಹೇಳಬಹುದು. ಪ್ರಕೃತಿಯನ್ನು ನೋಡಿ ಅವರು ಐದು ಬಗೆಯ ಅರ್ಥವ್ಯವಸ್ಥೆಗಳನ್ನು ಗುರುತಿಸಿದರು. ಹುಲಿ ಕುರಿಯನ್ನು ಕೊಂದು ತಿನ್ನುತ್ತದೆ. ತನಗೆ ಬದುಕು ಕೊಟ್ಟದ್ದನ್ನೇ ಅದು ನಾಶ ಮಾಡುತ್ತದೆ. ಇದು ಅತ್ಯಂತ ಕೀಳು ಬಗೆ. ಕೋತಿ ತಾನು ಬೆಳೆಸದ ತೋಪಿಗೆ ನುಗ್ಗಿ ಮಾವು ತಿನ್ನುತ್ತದೆ. ಮರವನ್ನು ಕೊಲ್ಲುವುದಿಲ್ಲ, ಆದರೆ ಮರಕ್ಕೆ ಏನನ್ನೂ ಕೊಡುವುದೂ ಇಲ್ಲ. ಇದು ಎರಡನೆಯದು. ಜೇನ್ನೊಣ ಹೂವಿನಿಂದ ಮಕರಂದ ಹೀರುವಾಗಲೇ ಪರಾಗಸ್ಪರ್ಶ ಮಾಡಿ ಗಿಡಕ್ಕೆ ಉಪಕಾರ ಮಾಡುತ್ತದೆ. ಪಡೆದು ಕೊಡುವ ಈ ಬಗೆ ಮೂರನೆಯದು, ದುಡಿಯುವ ರೈತನದೂ ಇದೇ. ಅದೇ ಜೇನ್ನೊಣ ತಂದದ್ದನ್ನು ತನಗೊಬ್ಬನಿಗೇ ಇಟ್ಟುಕೊಳ್ಳದೆ ಇಡೀ ಗೂಡಿಗೆ ಕೂಡಿಡುತ್ತದೆ. ಈ ಕೂಡುಬಾಳು ನಾಲ್ಕನೆಯದು. ತಾಯಿ ಹಕ್ಕಿ ಪ್ರತಿಫಲದ ಲೆಕ್ಕವಿಲ್ಲದೆ ಮರಿಗೆ ಗುಟುಕು ಕೊಡುತ್ತದೆ. ಈ ಸೇವೆ ಐದನೆಯದು, ಎಲ್ಲಕ್ಕಿಂತ ಮೇಲಿನದು. ಮನುಷ್ಯನು ಹುಲಿಯ ಮೆಟ್ಟಿಲಿನಿಂದ ಹಕ್ಕಿಯ ಮೆಟ್ಟಿಲಿಗೆ ಏರಬೇಕು ಎಂಬುದೇ ಅವರ ಅರ್ಥಶಾಸ್ತ್ರ.

ಇನ್ನೊಂದು ವಿಂಗಡಣೆಯೂ ಅಷ್ಟೇ ಮುಖ್ಯ. ಕಲ್ಲಿದ್ದಲು, ಪೆಟ್ರೋಲಿಯಂ, ಲೋಹದ ಅದಿರು ಇವು ಕೂಡಿಟ್ಟ ಕೊಪ್ಪರಿಗೆಯಂತೆ. ತೆಗೆದಷ್ಟೂ ಕಡಿಮೆಯಾಗುತ್ತವೆ, ಮತ್ತೆ ತುಂಬುವುದಿಲ್ಲ. ಹರಿಯುವ ನೀರು, ಬೆಳೆಯುವ ಕಾಡು, ದನದ ಶಕ್ತಿ, ಮನುಷ್ಯನ ದುಡಿಮೆ ಇವು ಹೊಳೆಯಂತೆ. ಮಿತವಾಗಿ ಬಳಸಿದರೆ ಮತ್ತೆ ಮತ್ತೆ ದೊರೆಯುತ್ತವೆ. ಮೊದಲನೆಯದು ಅಸಲು, ಎರಡನೆಯದು ಆದಾಯ. ಕೊಪ್ಪರಿಗೆಯನ್ನು ನಂಬಿ ಬದುಕುವ ದೇಶಗಳು ಅದು ಬರಿದಾದಂತೆ ಪರರ ಕೊಪ್ಪರಿಗೆಗೆ ಕೈ ಹಾಕುತ್ತವೆ, ಯುದ್ಧಗಳು ಹುಟ್ಟುವುದು ಅಲ್ಲಿಂದಲೇ ಎಂದು ಅವರು ಎಚ್ಚರಿಸಿದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಇದು ಬರಿಯ ಕಲ್ಪನೆಯಾಗಿರಲಿಲ್ಲ.

ಸ್ವಾತಂತ್ರ್ಯದ ನಂತರ

ಸ್ವತಂತ್ರ ಭಾರತದಲ್ಲಿ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಗೆ ಕುಮಾರಪ್ಪನವರು ಅಧ್ಯಕ್ಷರಾದರು. 1949ರಲ್ಲಿ ಅದರ ವರದಿ ಹೊರಬಂತು. ಉಳುವವನಿಗೂ ಸರ್ಕಾರಕ್ಕೂ ನಡುವೆ ಮಧ್ಯವರ್ತಿಗಳು ಇರಬಾರದು, ಭೂಮಿ ಉಳುವವನದಾಗಬೇಕು, ವಿಧವೆಯರು, ಅಪ್ರಾಪ್ತ ವಯಸ್ಕರು ಮತ್ತು ಅಂಗವಿಕಲರನ್ನು ಬಿಟ್ಟು ಬೇರೆ ಯಾರೂ ಭೂಮಿಯನ್ನು ಗೇಣಿಗೆ ಕೊಡಬಾರದು, ಹಿಡುವಳಿಗೆ ಮಿತಿ ಇರಬೇಕು ಎಂದು ಅದು ಶಿಫಾರಸು ಮಾಡಿತು. ಅಂದು ಬಹಳಷ್ಟು ರಾಜ್ಯಗಳು ಇದನ್ನು ಪೂರ್ಣವಾಗಿ ಜಾರಿಗೆ ತರಲಿಲ್ಲ. ನಮ್ಮ ರಾಜ್ಯದಲ್ಲಿ ಗೇಣಿದಾರರಿಗೆ ಭೂಮಿಯ ಒಡೆತನ ಕೊಡುವ ಬಲವಾದ ಕಾನೂನು ಬಂದದ್ದು 1974ರಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ. ಆ ವೇಳೆಗೆ ವರದಿಗೆ 25 ವರ್ಷ ತುಂಬಿತ್ತು.

ದೇಶ ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ದಾರಿ ಹಿಡಿದಾಗ ಕುಮಾರಪ್ಪನವರು ಒಂಟಿಯಾದರು. ಟ್ರ್ಯಾಕ್ಟರ್ ಮತ್ತು ರಾಸಾಯನಿಕ ಗೊಬ್ಬರಗಳನ್ನು ಪ್ರಶ್ನಿಸಿದರು. ಹಳೆಯ ಸ್ನೇಹಿತರೇ ಮಂತ್ರಿಗಳಾಗಿದ್ದರೂ ಟೀಕಿಸಲು ಹಿಂಜರಿಯಲಿಲ್ಲ. ಕೊನೆಯ ವರ್ಷಗಳನ್ನು ಮಧುರೈ ಬಳಿಯ ಟಿ. ಕಲ್ಲುಪಟ್ಟಿಯ ಗಾಂಧಿ ನಿಕೇತನ ಆಶ್ರಮದಲ್ಲಿ ಸರಳವಾಗಿ ಕಳೆದರು. ಅವರ ಕೋಣೆಯಲ್ಲಿ ಗಾಂಧೀಜಿಯವರ ಚಿತ್ರದ ಜೊತೆಗೆ ಒಬ್ಬ ಬಡ ಹಳ್ಳಿಗನ ಚಿತ್ರವೂ ಇತ್ತು. ಮೊದಲನೆಯವರು ತಮ್ಮ ಗುರು, ಎರಡನೆಯವನು ತಮ್ಮ ಗುರುವಿನ ಗುರು ಎಂದು ಅವರು ಬಂದವರಿಗೆ ಪರಿಚಯಿಸುತ್ತಿದ್ದರು. 1960ರ ಜನವರಿ 30ರಂದು, ಗಾಂಧೀಜಿಯವರ ಪುಣ್ಯತಿಥಿಯ ದಿನವೇ, ಅವರು ಇಹಲೋಕ ತ್ಯಜಿಸಿದರು.

ನಮಗೆ ಉಳಿದ ಲೆಕ್ಕ

ಓದುಗರೇ, ಕುಮಾರಪ್ಪನವರು ಹೇಳಿದ್ದೆಲ್ಲವನ್ನೂ ಇಂದು ಹಾಗೆಯೇ ಒಪ್ಪಬೇಕೆಂದೇನೂ ಇಲ್ಲ. ಒನಕೆ ಹಿಡಿದು ಭತ್ತ ಕುಟ್ಟಿದ, ನಸುಕಿನಲ್ಲಿ ಎದ್ದು ಬೀಸುಕಲ್ಲು ತಿರುಗಿಸಿದ ನಮ್ಮ ಅಜ್ಜಿಯರ ಅಂಗೈಯ ಬೊಬ್ಬೆಗಳನ್ನು ಮರೆಯಲಾಗದು. ಗಿರಣಿ ಅವರಿಗೆ ಬಿಡುವು ಕೊಟ್ಟಿತು, ಅವರ ಹೆಣ್ಣುಮಕ್ಕಳು ಶಾಲೆಗೆ ಬರಲು ಆ ಬಿಡುವೂ ಒಂದು ಕಾರಣ. ಹೆಚ್ಚುತ್ತಿದ್ದ ಜನಸಂಖ್ಯೆಗೆ ಅನ್ನ ಒದಗಿಸುವ ಸವಾಲೂ ಚಿಕ್ಕದಾಗಿರಲಿಲ್ಲ. ಕುಮಾರಪ್ಪನವರೂ ಎಲ್ಲ ಯಂತ್ರಗಳ ವೈರಿಯಾಗಿರಲಿಲ್ಲ. ರೈಲು, ವಿದ್ಯುತ್ತಿನಂಥ ಸಾರ್ವಜನಿಕ ಸೌಕರ್ಯಗಳು ಸರ್ಕಾರದ ಕೈಯಲ್ಲಿ ದೊಡ್ಡ ಪ್ರಮಾಣದಲ್ಲಿ ಇರಬಹುದೆಂದು ಅವರು ಒಪ್ಪಿದ್ದರು. ಗಾಣ, ಬೀಸುಕಲ್ಲುಗಳ ಶ್ರಮ ತಗ್ಗಿಸುವ ಸುಧಾರಣೆಗಳಿಗಾಗಿಯೇ ಮಗನ್‌ವಾಡಿ ಇತ್ತು. ಯಂತ್ರ ಬೇಕೋ ಬೇಡವೋ ಎನ್ನುವುದಕ್ಕಿಂತ, ಅದರಿಂದ ಬಂದ ಲಾಭ ಯಾರ ಹೆಸರಿಗೆ ಜಮಾ ಆಯಿತು, ನಷ್ಟ ಯಾರ ಹೆಸರಿಗೆ ಖರ್ಚು ಬಿತ್ತು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಆ ಪ್ರಶ್ನೆ ಹಳತಾಗಿಲ್ಲ. 1973ರಲ್ಲಿ ಪ್ರಕಟವಾಗಿ ಲೋಕವೆಲ್ಲ ಓದಿದ ಪುಸ್ತಕವೊಂದರಲ್ಲಿ ಇ.ಎಫ್. ಶುಮಾಕರ್ ಅವರು ಕುಮಾರಪ್ಪನವರ ವಿಚಾರಗಳನ್ನು ಉಲ್ಲೇಖಿಸಿದರು. ಚಿಕ್ಕದರಲ್ಲಿಯೂ ಚೆಲುವಿದೆ ಎಂದು ಸಾರಿದ ಪುಸ್ತಕ ಅದು. ನಮ್ಮ ಬಳ್ಳಾರಿಯ ಗುಡ್ಡಗಳನ್ನು ನೆನೆಯಿರಿ. ಹೊರದೇಶದಲ್ಲಿ ಅದಿರಿಗೆ ಬೆಲೆ ಏರಿದ ಕೆಲವೇ ವರ್ಷಗಳಲ್ಲಿ ಗುಡ್ಡಗಳು ಕರಗಿದವು, ಹೊಲಗಳ ಮೇಲೆ ಕೆಂಪು ಧೂಳು ಕೂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮುಂದೆ ಬಂದು ಅಲ್ಲಿನ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಆ ವರ್ಷಗಳ ಲಾಭ ಎಲ್ಲೋ ಜಮಾ ಆಯಿತು. ಹೋದ ಗುಡ್ಡ ಮಾತ್ರ ನಮ್ಮ ಅಸಲು. ಕೊಳವೆ ಬಾವಿ ಆಳವಾಗುತ್ತಾ ಹೋಗುವ ಊರುಗಳಲ್ಲಿಯೂ ಇದೇ ಲೆಕ್ಕ. ಮಳೆ ತುಂಬಿಸುವುದಕ್ಕಿಂತ ಹೆಚ್ಚಾಗಿ ತೆಗೆದ ನೀರು ಆದಾಯವಲ್ಲ, ಮಕ್ಕಳ ಪಾಲಿನ ಅಸಲು.

ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ಬಾರಿ ತರಗತಿಯಲ್ಲಿ ಲಾಭ ನಷ್ಟದ ಲೆಕ್ಕ ಹೇಳಿಕೊಡುವಾಗ, ಕೊಂಡ ಬೆಲೆ, ಮಾರಿದ ಬೆಲೆಗಳ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಸಿ: ಈ ವಸ್ತು ತಯಾರಾಗುವಾಗ ಏನು ಕಡಿಮೆಯಾಯಿತು, ಅದು ಯಾರದಾಗಿತ್ತು? ತಂದೆ ತಾಯಿಯರೇ, ಇದೇ ಪ್ರಶ್ನೆಯನ್ನು ಸಂತೆಯಿಂದ ಬಂದ ಚೀಲ ಇಳಿಸುವಾಗ ಮನೆಯಲ್ಲಿಯೂ ಕೇಳಿಕೊಳ್ಳಬಹುದು. ಉತ್ತರ ಕೂಡಲೇ ಸಿಗದಿದ್ದರೂ ಚಿಂತೆಯಿಲ್ಲ. ಈ ಪ್ರಶ್ನೆ ಕೇಳಲು ಕಲಿತ ಮಗು, ಮುಂದೆ ಅಂಗಡಿ ಇಟ್ಟರೂ, ಬ್ಯಾಂಕಿನಲ್ಲಿ ಕುಳಿತರೂ, ಪಂಚಾಯತಿಗೆ ಆಯ್ಕೆಯಾದರೂ, ಲೆಕ್ಕವನ್ನು ಪೂರ್ತಿಯಾಗಿ ಬರೆಯುತ್ತದೆ.